ರಾಗಿ ಸರಿ: ಮನೆಯದ್ದಾ, ಪೊಟ್ಟಣದ್ದಾ, ಡಬ್ಬದ್ದಾ?

ರಾಗಿ ಸರಿ ಅಂದರೆ ಎಳೆ ಮಕ್ಕಳಿಗೆ ರಾಗಿ ಹಿಟ್ಟು ಕಾಯಿಸಿ ಮಾಡುವ ಗಂಜಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ಸರಿಹಿಟ್ಟಿಗೆ. ಮಗಳಿಗೆ 6 ತಿಂಗಳು ತುಂಬಿದ ಮೇಲೆ ಮೂರನ್ನೂ ತಿನ್ನಿಸಿ ನೋಡಿದ್ದೇನೆ. ಹಾಗಂತ ಮನೆಯದ್ದು ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ.

ರಾಗಿ ತೊಳೆದು, ರಾತ್ರಿ ನೆನೆಸಿ, ಒದ್ದೆ ಪಂಚೆಯಲ್ಲಿ ಕಟ್ಟಿಟ್ಟೆ. ಎರಡನೇ ದಿನಕ್ಕೆ ಬಿಳೀ ಮೊಳಕೆ. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಘಮ್ಮೆನ್ನುವ ತನಕ ಹುರಿದೆ. ಎಡವಟ್ಟಾಗಿದ್ದು ಮಿಲ್ಲಿನಲ್ಲಿ.

ಬೀಸಿಸಿಕೊಂಡು ಬಂದ ಹಿಟ್ಟನ್ನು ಅತ್ತೆ ಹಳೆ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿ ಮಾಡಿಕೊಟ್ಟರು. ಸರಿ ಕಾಯಿಸಿ, ಆರಿಸಿ, ಒಂದು ಚಮಚ ಬಾಯಿಗಿಟ್ಟೆ. ಮಗು ಮುಖ ಕಿವುಚಿ ಕಿಟಾರನೆ ಕಿರುಚಿತು. ನಾನು ನೆಕ್ಕಿ ನೋಡಿದರೆ ಖಾರ! ನಮಗಿಂತ ಮುಂಚೆ ಯಾರೋ ಸಾರಿನ ಪುಡಿ ಬೀಸಿಸಿದ್ದರು. "ಖಾರದ ಮಿಶಿನ್ ಬೇರೆ ಇದೆ ಅಕ್ಕಾ, ಅವತ್ತು ಅದು ಕೆಟ್ಟಿತ್ತು" ಅಂದ ಮಿಲ್ಲಿನವನು. "ನೀನು ಮೊದಲು ರುಚಿ ನೋಡಬಾರದಿತ್ತೇನೇ?" ಅಂದರು ಅತ್ತೆ. ಅದೂ ನಿಜವೇ. ಮೂರು ದಿನದ ಕೆಲಸ ದೊಡ್ಡವರ ರೊಟ್ಟಿಗೆ ಹೋಯಿತು.

ಎರಡನೇ ಸಲ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ಮೊದಲು ಒಂದು ಹಿಡಿ ಅಕ್ಕಿ ಹಾಕಿಸಿ, ಆ ಹಿಟ್ಟು ಚೆಲ್ಲಿ, ಆಮೇಲೆ ರಾಗಿ ಕೊಟ್ಟೆ. ಆಗ ಸರಿಹೋಯಿತು. ಮಿಕ್ಸಿಯಲ್ಲೂ ಮಾಡಿ ನೋಡಿದೆ, ಹಿಟ್ಟು ಅಷ್ಟು ನುಣ್ಣಗೆ ಬರಲಿಲ್ಲ.

ಮೊಳಕೆ ಹಿಟ್ಟಿನ ಸರಿ ಗಟ್ಟಿಯಾಗದೆ ತೆಳ್ಳಗೇ ಇರುತ್ತದೆ. ಹಾಗಾಗಿ ಅದೇ ಬಟ್ಟಲಿಗೆ ಹಿಟ್ಟು ಜಾಸ್ತಿ ಹಿಡಿಯುತ್ತದೆ. ಪುಟ್ಟ ಹೊಟ್ಟೆಗೆ ಅದೇ ಬೇಕಲ್ವಾ?

ಅಂಗಡಿ ಪೊಟ್ಟಣದಲ್ಲಿ ರಾಗಿ ಜೊತೆ ಗೋಡಂಬಿ, ಬಾದಾಮಿ, ಏಲಕ್ಕಿ, ಸಕ್ಕರೆ ಎಲ್ಲ ಸೇರಿತ್ತು. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಹುಡುಕೋದು? ಸಕ್ಕರೆಯಂತೂ ಈ ವಯಸ್ಸಿಗೆ ಬೇಡವೇ ಬೇಡ. ಪಕ್ಕದ ಮನೆಯವರು "ಸಪ್ಪೆ ಸರಿಗೆ ಒಂದು ತೊಟ್ಟು ಜೇನು ಹಾಕಿ" ಅಂದರು. ವರ್ಷ ತುಂಬುವ ತನಕ ಜೇನು ಕೂಡದು. ಅದರಲ್ಲಿರಬಹುದಾದ, ಬೊಟುಲಿಸಂ ಅನ್ನೋ ಕಾಯಿಲೆ ತರುವ ಬೀಜಾಣು ಎಳೆ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ.

ನೀರಲ್ಲಿ ಕಲಸಿ ಕೊಡುವ ಡಬ್ಬದ್ದಕ್ಕೆ ಒಂದು ಮಾತು ಒಪ್ಪಲೇಬೇಕು: ಅದರಲ್ಲಿ ಕಬ್ಬಿಣಾಂಶ ಸೇರಿಸಿರುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಅದರ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ನಮ್ಮ ಡಾಕ್ಟರ್ ಅದಕ್ಕೇ ಬೇರೆ ಡ್ರಾಪ್ಸ್ ಬರೆದುಕೊಟ್ಟರು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಡಬ್ಬಕ್ಕೆ ಸಾಟಿಯಿಲ್ಲ, ಕುದಿಸಿ ಆರಿಸಿದ ನೀರಿದ್ದರೆ ಸಾಕು. ಆದರೆ ನಾವು ತಂದದ್ದು ಸಿಹಿ. ಅದರ ರುಚಿ ಹತ್ತಿದ ಮೇಲೆ ನನ್ನ ಸಪ್ಪೆ ಸರಿಯನ್ನು ಇವಳು ಎರಡು ದಿನ ಉಗಿದಳು.

ದುಡ್ಡಿನ ಲೆಕ್ಕ ಬೇರೆ. ಒಂದು ಕಿಲೋ ರಾಗಿ ನನಗೆ 50 ರೂಪಾಯಿ ಆಸುಪಾಸಿಗೆ ಸಿಕ್ಕಿತು, 300 ಗ್ರಾಮಿನ ಡಬ್ಬಕ್ಕೆ ಮುನ್ನೂರರ ಹತ್ತಿರ ಕೊಟ್ಟೆ. ಮನೆಯಲ್ಲಿ ಅತ್ತೆ ಇದ್ದಾರೆ, ಮಿಲ್ಲು ಎರಡು ಬೀದಿ ಆಚೆ. ಹಾಗಾಗಿ ನನಗೆ ಮನೆಯದ್ದೇ. ಮಳೆಗಾಲದಲ್ಲಿ ಮಾತ್ರ ಕಷ್ಟ, ರಾಗಿ ಒಣಗದೆ ಮುಗ್ಗಲು ವಾಸನೆ ಬಂತು, ಅಷ್ಟನ್ನೂ ಎಸೆದೆ. ಅತ್ತೆ ಊರಿಗೆ ಹೋಗಿದ್ದ ತಿಂಗಳು ನಾನೂ ಪೊಟ್ಟಣವನ್ನೇ ತಂದೆ, ಹಿಂದಿನ ಚೀಟಿ ಓದಿ, ಬರೀ ಮೊಳಕೆ ರಾಗಿ ಇರುವುದನ್ನು.