ಎನ್‌ಐಡಬ್ಲ್ಯು, ಇಬಿ-1ಬಿ, ಇಬಿ-1ಎ: ಸಂಶೋಧಕರು ಯಾವುದನ್ನು ಮೊದಲು ಹಾಕಬೇಕು?

ಅಮೆರಿಕದಲ್ಲಿ ಪಿಎಚ್‌ಡಿ ಮುಗಿಸಿ ಸಂಶೋಧನೆಯಲ್ಲೇ ಉಳಿಯುವ ನಮ್ಮವರಿಗೆ ಗ್ರೀನ್ ಕಾರ್ಡಿಗೆ ಮುಖ್ಯವಾಗಿ ಮೂರು ದಾರಿ ಇವೆ. ಇಬಿ-1, ಇಬಿ-2 ಎಂದರೆ ಕೆಲಸದ ಆಧಾರದ ಮೇಲೆ ಸಿಗುವ ಗ್ರೀನ್ ಕಾರ್ಡಿನ ಮೊದಲ, ಎರಡನೇ ವರ್ಗ. ಇಬಿ-2ರ ಕೆಳಗೆ ಬರುವ ಎನ್‌ಐಡಬ್ಲ್ಯು (ದೇಶದ ಹಿತಕ್ಕಾಗಿ ಕೆಲಸದ ಆಫರ್‌ನಿಂದ ವಿನಾಯಿತಿ), ಆಮೇಲೆ ಇಬಿ-1ಬಿ (ಶ್ರೇಷ್ಠ ಪ್ರಾಧ್ಯಾಪಕರು, ಸಂಶೋಧಕರಿಗೆ), ಇಬಿ-1ಎ (ಅಸಾಧಾರಣ ಸಾಮರ್ಥ್ಯದವರಿಗೆ). ಮೂರಕ್ಕೂ ಹಾಕುವುದು ಐ-140 ಎಂಬ ವಲಸೆ ಅರ್ಜಿಯನ್ನೇ. ಮೂರರಲ್ಲೂ ಪರ್ಮ್ ಇಲ್ಲ. ಅಂದರೆ ಜಾಹೀರಾತು ಕೊಟ್ಟು, ಈ ಕೆಲಸಕ್ಕೆ ಇಲ್ಲಿಯವರು ಸಿಗಲಿಲ್ಲ ಎಂದು ತೋರಿಸುವ ಗೋಜಿಲ್ಲ. ನಾನು ಮೂರನ್ನೂ ಹಾಕಿದ್ದೇನೆ. ಎರಡು ಪಾಸಾದವು, ಒಂದು ಆಗಲಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡುವಾಗಲೇ ಎನ್‌ಐಡಬ್ಲ್ಯು ಹಾಕಿ. ಕಾಯಂ ಕೆಲಸ ಸಿಕ್ಕ ಕೂಡಲೇ ಇಬಿ-1ಬಿ ಮಾಡಿಸಿಕೊಡಿ ಎಂದು ಕೇಳಿ.

ಎನ್‌ಐಡಬ್ಲ್ಯುನಲ್ಲಿ ಅರ್ಜಿದಾರರು ನೀವೇ. ಯಾರ ಸಹಿಗೂ ಕಾಯಬೇಕಿಲ್ಲ. 2016ರಲ್ಲಿ ಧನಸರ್ ಎಂಬ ವಲಸೆ ಪ್ರಕರಣದ ತೀರ್ಪು ಬಂದ ನಂತರ ವಲಸೆ ಅಧಿಕಾರಿ ನೋಡುವುದು ಮೂರು ವಿಷಯ: ನಿಮ್ಮ ಕೆಲಸಕ್ಕೆ ದೇಶದ ಮಟ್ಟದ ಮಹತ್ವ ಇದೆಯಾ, ಅದನ್ನು ಮುಂದಕ್ಕೆ ಒಯ್ಯುವ ಶಕ್ತಿ ನಿಮಗಿದೆಯಾ, ಕೆಲಸದ ಆಫರ್ ಬೇಕೆಂಬ ನಿಯಮ ಬಿಟ್ಟರೆ ಅಮೆರಿಕಕ್ಕೆ ಲಾಭವಿದೆಯಾ. ನನ್ನ ವಿಷಯ ಕುಡಿಯುವ ನೀರಿನ ಆರ್ಸೆನಿಕ್ ಪತ್ತೆ ಮಾಡುವ ಸೆನ್ಸರ್. ಆದರೂ ಆರ್‌ಎಫ್‌ಇ, ಅಂದರೆ ಇನ್ನಷ್ಟು ಪುರಾವೆ ಕೊಡಿ ಎಂಬ ಪತ್ರ, ವಲಸೆ ಅಧಿಕಾರಿಗಳಿಂದ ಬಂತು. ವಿಷಯ ಮುಖ್ಯ ಎಂದು ಅವರು ಒಪ್ಪಿದ್ದರು. ನಿಮ್ಮ ಕೆಲಸದಿಂದ ನಿಮ್ಮ ಲ್ಯಾಬಿನ ಆಚೆ ಏನಾಗುತ್ತದೆ, ಅದನ್ನು ತೋರಿಸಿ ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ ಅಲ್ವಾ?

ಉತ್ತರ ನೀರಿನ ಕಾನೂನಿನಲ್ಲೇ ಇತ್ತು. ಒಂದು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಆರ್ಸೆನಿಕ್ ಮಿತಿ ಅನ್ವಯಿಸುವುದು ಸಾರ್ವಜನಿಕ ನೀರು ಪೂರೈಕೆಗೆ. ಮನೆಯ ಖಾಸಗಿ ಬಾವಿಗಳು ಆ ಕೇಂದ್ರ ಕಾನೂನಿನ ಹೊರಗೆ. ಬಾವಿ ಇದ್ದವರೇ ನೀರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವರಿಗೆ ಕೈಗೆಟುಕುವ ಸೆನ್ಸರ್ ಯಾಕೆ ಬೇಕು ಎಂದು ಬರೆದೆ. ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಪತ್ರ. ನಾನು ಮುಖವನ್ನೇ ನೋಡಿರದ ವಿಜ್ಞಾನಿಯೊಬ್ಬರು ತಮ್ಮ ಪ್ರಯೋಗದಲ್ಲಿ ನನ್ನ ಸೆನ್ಸರಿನ ಲೇಪನದ ವಿಧಾನ ಬಳಸಿದ್ದರು. ಯಾವ ಹಂತದಲ್ಲಿ ಬಳಸಿದರು, ಮೊದಲು ಎಲ್ಲಿ ತಪ್ಪು ರೀಡಿಂಗ್ ಬರುತ್ತಿತ್ತು, ಆಮೇಲೆ ಏನು ಬದಲಾಯಿತು, ಇಷ್ಟನ್ನೇ ನೇರವಾಗಿ ಬರೆದುಕೊಟ್ಟರು. ನನ್ನ ಗೈಡ್ ಪ್ರೀತಿಯಿಂದ ಬರೆದ ಉದ್ದನೆಯ ಪತ್ರಕ್ಕಿಂತ ಇದರ ತೂಕ ಹೆಚ್ಚು. ಹೊಗಳಿಕೆಯ ಪತ್ರ ಹತ್ತು ಬೇಡ, ನಿಮ್ಮ ಕೆಲಸ ಬಳಸಿದವರ ಪತ್ರ ಎರಡು ಸಾಕು.

ಇಬಿ-1ಬಿಯಲ್ಲಿ ಅರ್ಜಿದಾರರು ವಿಶ್ವವಿದ್ಯಾಲಯ. ಆರು ಮಾನದಂಡಗಳಲ್ಲಿ ಎರಡು ತೋರಿಸಿದರೆ ಮೊದಲ ಹಂತ ದಾಟಿದಂತೆ. ಪ್ರಕಟವಾದ ಪ್ರಬಂಧಗಳು ಒಂದು, ಬೇರೆಯವರ ಪ್ರಬಂಧಗಳ ವಿಮರ್ಶೆ ಇನ್ನೊಂದು. ಸಕ್ರಿಯವಾಗಿರುವ ಸಂಶೋಧಕರಿಗೆ ಇವೆರಡೂ ಸಾಮಾನ್ಯವಾಗಿ ಇರುತ್ತವೆ. ಮೂರು ವರ್ಷದ ಅನುಭವವೂ ಬೇಕು. ಪಿಎಚ್‌ಡಿ ಕಾಲದ ಸಂಶೋಧನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ಪದವಿ ಮುಗಿದಿರಬೇಕು, ಆ ಕೆಲಸ ಕ್ಷೇತ್ರದಲ್ಲಿ ಶ್ರೇಷ್ಠ ಎಂದು ಗುರುತಿಸಿಕೊಂಡಿರಬೇಕು.

ನಿಜವಾದ ತೊಡಕು ಇರುವುದು ಕೆಲಸದ ಆಫರ್‌ನಲ್ಲಿ. ಟೆನ್ಯೂರ್ (ಕಾಯಂ ಅಧ್ಯಾಪಕ ಹುದ್ದೆ) ಅಥವಾ ಟೆನ್ಯೂರ್ ಟ್ರ್ಯಾಕ್ (ಅದರತ್ತ ಒಯ್ಯುವ ಹುದ್ದೆ) ಇದ್ದರೆ ಚಿಂತೆ ಇಲ್ಲ. ಬರೀ ಸಂಶೋಧನೆಯ ಹುದ್ದೆಯಾದರೆ ಅದು ಅವಧಿ ಮಿತಿ ಇಲ್ಲದ್ದು, ಸರಿಯಾದ ಕಾರಣವಿಲ್ಲದೆ ತೆಗೆಯುವುದಿಲ್ಲ ಎಂಬ ನಿರೀಕ್ಷೆ ಇರುವಂಥದ್ದು ಆಗಿರಬೇಕು. ನನ್ನ ಮೊದಲ ಆಫರ್ ಲೆಟರಿನಲ್ಲಿ ಒಂದು ವರ್ಷ, ಅನುದಾನ ಇದ್ದರೆ ನವೀಕರಣ ಎಂದಷ್ಟೇ ಇತ್ತು. ಹುದ್ದೆ ಮುಂದುವರಿಯುವ ಉದ್ದೇಶದ್ದು, ನವೀಕರಣ ಬರೀ ಆಡಳಿತದ ಪದ್ಧತಿ ಎಂದು ವಿಭಾಗದವರು ಬೇರೆ ಪತ್ರ ಬರೆದುಕೊಟ್ಟ ಮೇಲೆ ಫೈಲ್ ಮುಂದೆ ಹೋಯಿತು. ಕೆಲಸಕ್ಕೆ ಸೇರುವ ಮೊದಲೇ ಈ ಮಾತು ಎತ್ತಿ. ಪೋಸ್ಟ್‌ಡಾಕ್‌ಗಳಿಗೆ ಸಾಮಾನ್ಯವಾಗಿ ಈ ದಾರಿ ಮುಚ್ಚಿರುವುದು ಇದೇ ಕಾರಣಕ್ಕೆ.

ಇಬಿ-1ಎಗೆ ಆಫರ್ ಬೇಡ, ಆದರೆ ಅಳತೆ ಬಹಳ ಎತ್ತರ. ಹತ್ತರಲ್ಲಿ ಮೂರು ಮಾನದಂಡ ಮುಟ್ಟಬೇಕು. ಅದಾದ ಮೇಲೂ, ಕ್ಷೇತ್ರದ ತುತ್ತತುದಿಯಲ್ಲಿರುವ ಕೆಲವೇ ಜನರಲ್ಲಿ ನೀವೂ ಒಬ್ಬರಾ ಎಂದು ಒಟ್ಟಾರೆಯಾಗಿ ತೂಗುತ್ತಾರೆ. ನನ್ನ ಅರ್ಜಿಯಲ್ಲಿ ಪ್ರಬಂಧ, ವಿಮರ್ಶೆ ಎರಡನ್ನೂ ಒಪ್ಪಿದರು. ನನ್ನ ಕೊಡುಗೆ ಇಡೀ ಕ್ಷೇತ್ರಕ್ಕೆ ದೊಡ್ಡದು ಎಂಬುದನ್ನು ಒಪ್ಪಲಿಲ್ಲ. ಅರ್ಜಿ ಬಿತ್ತು. ಹೆಚ್ಚುಕಡಿಮೆ ಅದೇ ದಾಖಲೆಗಳ ಮೇಲೆ ಇಬಿ-1ಬಿ ಪಾಸಾಯಿತು.

ಹಾಗಾದರೆ ಎನ್‌ಐಡಬ್ಲ್ಯು ಒಂದೇ ಸಾಲದೇ? ಭಾರತದಲ್ಲಿ ಹುಟ್ಟಿದವರಿಗೆ ಸಾಲದು. ಪ್ರತಿ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ 7 ಶೇಕಡಾ ಎಂಬ ಮಿತಿಯಿಂದಾಗಿ ಸಾಲು ಬೆಳೆದಿದೆ. ಲೆಕ್ಕ ಹುಟ್ಟಿದ ದೇಶದ್ದು, ಪೌರತ್ವದ್ದಲ್ಲ. ಯಾವ ದಿನಾಂಕಕ್ಕಿಂತ ಮೊದಲು ಸಾಲಿಗೆ ಸೇರಿದವರ ಸರದಿ ಬಂದಿದೆ ಎಂದು ಅಮೆರಿಕ ಸರ್ಕಾರ ತಿಂಗಳು ತಿಂಗಳು ವೀಸಾ ಬುಲೆಟಿನ್‌ನಲ್ಲಿ ಹೇಳುತ್ತದೆ. 2025ರ ಆಗಸ್ಟ್ ಬುಲೆಟಿನ್‌ನಲ್ಲಿ ಭಾರತದ ಇಬಿ-2 ದಿನಾಂಕ 2013ರ ಜನವರಿಯಲ್ಲಿತ್ತು, ಇಬಿ-1 ದಿನಾಂಕ 2022ರ ಫೆಬ್ರವರಿಯಲ್ಲಿತ್ತು. ವ್ಯತ್ಯಾಸ ಒಂಬತ್ತು ವರ್ಷ! ಐ-140 ಪಾಸಾಯಿತೆಂದು ಸಿಹಿ ಹಂಚಿದ ಮನೆಗಳಲ್ಲಿ ಮಕ್ಕಳು 21 ವರ್ಷ ದಾಟಿ, ತಂದೆತಾಯಿಯ ಜೊತೆ ಗ್ರೀನ್ ಕಾರ್ಡ್ ಸಿಗುವ ಅವಕಾಶ ತಪ್ಪುವ ಭಯ ಇನ್ನೂ ಇದೆ. ಇದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ.

ಆದರೂ ಎನ್‌ಐಡಬ್ಲ್ಯು ಮೊದಲು ಯಾಕೆ ಅಂದರೆ, ಪಾಸಾದ ಅರ್ಜಿಯ ಆದ್ಯತಾ ದಿನಾಂಕವನ್ನು (ಸಾಲಿನಲ್ಲಿ ನಿಮ್ಮ ಜಾಗ ತೋರಿಸುವ, ಅರ್ಜಿ ಹಾಕಿದ ದಿನ) ಮುಂದೆ ಪಾಸಾಗುವ ಇಬಿ-1 ಅರ್ಜಿಗೆ ಒಯ್ಯಬಹುದು. ಪೋಸ್ಟ್‌ಡಾಕ್‌ನಲ್ಲಿ ಹಾಕಿದ ದಿನಾಂಕವೇ ನನ್ನ ಇಬಿ-1ಬಿಗೂ ಸಿಕ್ಕಿತು. ಜೊತೆಗೆ, ಐ-140 ಪಾಸಾಗಿ ಸಾಲಿನಲ್ಲಿ ಕಾಯುತ್ತಿರುವವರ ಎಚ್-1ಬಿ (ತಾತ್ಕಾಲಿಕ ಕೆಲಸದ ವೀಸಾ) ಆರು ವರ್ಷ ದಾಟಿಯೂ ಮುಂದುವರಿಯುತ್ತದೆ. ಎಚ್-4ರಲ್ಲಿರುವ (ಎಚ್-1ಬಿಯವರ ಕುಟುಂಬದ ವೀಸಾ) ಗಂಡ ಅಥವಾ ಹೆಂಡತಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು.

ಬೇಗ ನೋಡಲು ಹೆಚ್ಚುವರಿ ಶುಲ್ಕ (ಪ್ರೀಮಿಯಂ) ಕಟ್ಟಿದರೆ ಇಬಿ-1ಎ, ಇಬಿ-1ಬಿ ಎರಡಕ್ಕೂ 15 ಕೆಲಸದ ದಿನದಲ್ಲಿ ಉತ್ತರ, ಎನ್‌ಐಡಬ್ಲ್ಯುಗೆ 45. ನಿಮ್ಮ ದಿನಾಂಕ ಸಾಲಿನಲ್ಲಿ ಬಹಳ ಹಿಂದೆ ಇದ್ದರೆ ಎನ್‌ಐಡಬ್ಲ್ಯುಗೆ ಈ ದುಡ್ಡು ಸುಮ್ನೆ ಖರ್ಚು. ಎಚ್-1ಬಿ ಅವಧಿ ಮುಗಿಯುತ್ತಿದ್ದರೆ ಮಾತ್ರ ಕಟ್ಟಿ. ಗ್ರೀನ್ ಕಾರ್ಡಿನ ಕೊನೆಯ ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯ ಬದಲಿಸಿದರೆ, ಹೊಸ ಜಾಗದವರು ಇಬಿ-1ಬಿಯನ್ನು ಮತ್ತೆ ಹಾಕಬೇಕು. ಎನ್‌ಐಡಬ್ಲ್ಯು ಮಾತ್ರ ಅದೇ ಕ್ಷೇತ್ರದಲ್ಲಿ ಇರುವಷ್ಟು ಕಾಲ ನಿಮ್ಮ ಜೊತೆಗೇ ಬರುತ್ತದೆ.