ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಕಲಿಸಲು ಹೊರಟವರ ಗಮನಕ್ಕೆ

ಊರಿನಲ್ಲಿ ಎಂ.ಎಸ್ಸಿ. ಗಣಿತ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಬಂದ ನಮ್ಮವರಲ್ಲಿ ಅನೇಕರು, ಎಚ್-4 ವೀಸಾದ (ಎಚ್-1ಬಿ ನೌಕರರ ಸಂಗಾತಿಗೆ ಸಿಗುವ ವೀಸಾ) ಮೇಲೆ ಕೆಲಸದ ಪರವಾನಗಿ ಸಿಕ್ಕೊಡನೆ ಕಮ್ಯುನಿಟಿ ಕಾಲೇಜುಗಳತ್ತ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜುಗಳತ್ತ, ನೋಡುತ್ತಾರೆ. ಪಿಎಚ್.ಡಿ. ಬೇಕಿಲ್ಲ, ಸ್ನಾತಕೋತ್ತರ ಪದವಿ ಸಾಕು. ಅರೆಕಾಲಿಕ ಅಧ್ಯಾಪಕರಿಗೆ ಕೊಡುವ ಗಂಟೆಯ ಸಂಬಳವೂ ಮೇಲ್ನೋಟಕ್ಕೆ ಚೆನ್ನಾಗಿದೆ. ದಯವಿಟ್ಟು ಆ ಅಂಕಿ ನಂಬಿ ಇರುವ ಕೆಲಸ ಬಿಡಬೇಡಿ.

ಆ ಹಣ ಹೆಚ್ಚಿನ ಕಡೆ ತರಗತಿಯಲ್ಲಿ ನಿಂತ ಗಂಟೆಗಳಿಗೆ ಮಾತ್ರ. ಗಣಿತದ ಉತ್ತರಪತ್ರಿಕೆಯಲ್ಲಿ ಕೊನೆಯ ಸಾಲು ನೋಡಿ ಅಂಕ ಹಾಕಲಾಗದು. ಮೂರನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟಿದ್ದಾನೆಯೇ, ಎ ಮತ್ತು ಬಿ ಮೊತ್ತದ ವರ್ಗವನ್ನು ಎರಡರ ವರ್ಗಗಳ ಮೊತ್ತವೆಂದೇ ಬರೆದಿದ್ದಾಳೆಯೇ ಎಂದು ಹುಡುಕಿ, ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕು. ರಾತ್ರಿ ಪಾಳಿ ಮುಗಿಸಿ ಬಂದು ಮುಂದಿನ ಬೆಂಚಿನಲ್ಲಿ ಕೂರುವ ವಿದ್ಯಾರ್ಥಿಗೆ ಅಷ್ಟೂ ಮಾಡದಿದ್ದರೆ ಮನಸ್ಸು ಒಪ್ಪುವುದಿಲ್ಲ. ಆ ರಾತ್ರಿಗಳಿಗೆ ಕೂಲಿಯಿಲ್ಲ.

ತರಗತಿಯೂ ಕೈಯಲ್ಲಿ ಉಳಿಯುತ್ತದೆಂಬ ಖಾತ್ರಿಯಿಲ್ಲ. ಒಂದು ಬೇಸಿಗೆಯೆಲ್ಲ ಕೂತು ಸಂಖ್ಯಾಶಾಸ್ತ್ರದ ಪಾಠ, ಕಿರುಪರೀಕ್ಷೆ ಎಲ್ಲ ಸಿದ್ಧಪಡಿಸಿದ್ದೆ. ಸೋಮವಾರ ತರಗತಿ ಶುರುವಾಗಬೇಕು. ಶುಕ್ರವಾರ ಸಂಜೆ ವಿಭಾಗದಿಂದ ಇಮೇಲ್ ಬಂತು. ಪೂರ್ಣಕಾಲಿಕ ಅಧ್ಯಾಪಕರೊಬ್ಬರ ತರಗತಿಗೆ ಸಾಕಷ್ಟು ವಿದ್ಯಾರ್ಥಿಗಳು ಸೇರಿಲ್ಲ, ಆದ್ದರಿಂದ ನಿಮ್ಮದನ್ನು ಅವರಿಗೆ ಕೊಟ್ಟಿದ್ದೇವೆ ಎಂದಿತ್ತು. ನಿಮ್ಮ ಪಾಠಯೋಜನೆ ಕಳುಹಿಸಿದರೆ ಅವರಿಗೆ ಅನುಕೂಲ ಎಂಬ ಸಾಲೂ ಜೊತೆಗಿತ್ತು. ಪರಿಹಾರವಾಗಿ ಒಂದು ಡಾಲರೂ ಬರಲಿಲ್ಲ. ನೇಮಕಾತಿ ಪತ್ರದಲ್ಲೇ ಅದಕ್ಕೆ ಅವಕಾಶವಿತ್ತು. ಇಂಥ ಷರತ್ತು ಎಲ್ಲೆಡೆ ಸಾಮಾನ್ಯ. ಆ ಸೆಮಿಸ್ಟರಿನ ಬಾಡಿಗೆಗೆ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ಒಂದೇ ಕಡೆ ಹೆಚ್ಚು ತರಗತಿ ಕೇಳೋಣವೆಂದರೆ ಕಾನೂನು ಬಿಡದು. ಒಂದು ಕಾಲೇಜು ಜಿಲ್ಲೆಯಲ್ಲಿ (ಒಂದು ಅಥವಾ ಹಲವು ಕಾಲೇಜು ನಡೆಸುವ ಆಡಳಿತ ಘಟಕ) ಅರೆಕಾಲಿಕರು ಪೂರ್ಣಕಾಲಿಕ ಹೊರೆಯ ಶೇ. 67ಕ್ಕಿಂತ ಹೆಚ್ಚು ಪಾಠ ಮಾಡುವಂತಿಲ್ಲ. ಪೂರ್ಣ ಹೊರೆ 15 ಯೂನಿಟ್ (ಪಾಠದ ಹೊರೆಯ ಅಳತೆ) ಆದರೆ, 5 ಯೂನಿಟ್‌ನ ಎರಡು ಕ್ಯಾಲ್ಕುಲಸ್ ತರಗತಿಗೇ ಮಿತಿ ಮುಗಿಯಿತು. ಮೂರನೆಯದಕ್ಕೆ ಬೇರೆ ಜಿಲ್ಲೆಗೆ ಕಾರು ಓಡಿಸಬೇಕು, ಪೆಟ್ರೋಲ್ ನಿಮ್ಮದೇ. ಗಣಿತದವರಿಗೆ ಇನ್ನೊಂದು ಪೆಟ್ಟು ಬಿದ್ದಿದೆ. 2017 ಮತ್ತು 2022ರ ರಾಜ್ಯ ಕಾನೂನುಗಳಿಂದ ಹೆಚ್ಚಿನ ವಿದ್ಯಾರ್ಥಿಗಳು ನೇರವಾಗಿ ವಿಶ್ವವಿದ್ಯಾಲಯ ಮಟ್ಟದ ಗಣಿತಕ್ಕೇ ಸೇರುತ್ತಾರೆ. ಅರೆಕಾಲಿಕರ ಕೈಗೆ ಸುಲಭವಾಗಿ ಸಿಗುತ್ತಿದ್ದ ಪ್ರಾಥಮಿಕ ಬೀಜಗಣಿತದ ತರಗತಿಗಳು ಬಹುತೇಕ ಮುಚ್ಚಿವೆ.

ಸಂದರ್ಶನದಲ್ಲಿ ಸಂಕೋಚವಿಲ್ಲದೆ ಕೇಳಿ: ವಿದ್ಯಾರ್ಥಿಗಳನ್ನು ಭೇಟಿಯಾಗುವ ಸಮಯಕ್ಕೆ ಸಂಬಳವಿದೆಯೇ? ತರಗತಿ ರದ್ದಾದರೆ ಏನಾದರೂ ಕೊಡುತ್ತೀರಾ? ಮೊದಲ ಸಂಬಳ ಯಾವ ತಾರೀಖಿಗೆ? ಆರೋಗ್ಯ ವಿಮೆಗೆ ಎಷ್ಟು ಯೂನಿಟ್ ಬೇಕು? ಉತ್ತರವನ್ನು ಅಧ್ಯಾಪಕರ ಸಂಘದ ಒಪ್ಪಂದದೊಂದಿಗೆ ತಾಳೆ ನೋಡಿ.

ಈಗಾಗಲೇ ಸೇರಿಬಿಟ್ಟಿದ್ದರೆ ಒಂದು ವಿಷಯ ತಿಳಿದಿರಲಿ. ವಿದ್ಯಾರ್ಥಿಗಳ ಸಂಖ್ಯೆಯನ್ನು ನೆಚ್ಚಿಕೊಂಡ ಮುಂದಿನ ಸೆಮಿಸ್ಟರಿನ ಭರವಸೆ ಖಾತ್ರಿಯಾದ ಕೆಲಸವಲ್ಲ ಎಂದು 1989ರ ಸರ್ವೀಸಿ ಪ್ರಕರಣದಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಹಾಗಾಗಿ ಎರಡು ಸೆಮಿಸ್ಟರುಗಳ ನಡುವೆ ನಿರುದ್ಯೋಗ ಭತ್ಯೆ ಕೇಳಬಹುದು. ನಮಗೆ ಇದನ್ನು ಕಚೇರಿಯಲ್ಲಿ ಯಾರೂ ಹೇಳಲಿಲ್ಲ. ಪಾಠ ಮುಗಿದ ವಾರವೇ ಅರ್ಜಿ ಹಾಕಿ.