ಇರುವ ಕರ್ನಲ್ ಪಕ್ಕದಲ್ಲೇ ಹೊಸದೊಂದು: ನನ್ನ ಓಟು ಡೆಬ್ ಪ್ಯಾಕೇಜಿಗೆ

ಉಬುಂಟು, ಡೆಬಿಯನ್‌ಗಳಲ್ಲಿ ಲಿನಕ್ಸ್ ಕರ್ನಲ್ (ಹಾರ್ಡ್‌ವೇರ್ ನಡೆಸುವ, ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಟ್ಟಿ ಪರೀಕ್ಷಿಸಲು ಮೂರು ದಾರಿ ಬಳಸಿ ನೋಡಿದ್ದೇನೆ: ಕಡತಗಳನ್ನು ನೇರ ಸಿಸ್ಟಮ್‌ಗೆ ಹಾಕುವ ‘ಮೇಕ್ ಇನ್‌ಸ್ಟಾಲ್’, ಡೆಬ್ ಪ್ಯಾಕೇಜ್ ಕಟ್ಟುವ ‘ಮೇಕ್ ಬಿನ್‌ಡೆಬ್-ಪಿಕೆಜಿ’, ವರ್ಚುಯಲ್ ಯಂತ್ರ ಓಡಿಸುವ ಕ್ಯೂಎಮು. ಬೆಳಗಾವಿ, ಬಾಗಲಕೋಟೆ ಕಡೆಯ ಇಂಜಿನಿಯರಿಂಗ್ ಹುಡುಗರ ಹತ್ತಿರ ಸಾಮಾನ್ಯವಾಗಿ ಇರುವುದು ಒಂದೇ ಲ್ಯಾಪ್‌ಟಾಪ್, ಪ್ರಾಜೆಕ್ಟೂ ಅದರಲ್ಲೇ. ಹಳೇ ಕರ್ನಲ್‌ಗೆ ಧಕ್ಕೆ ಆಗಬಾರದು, ಬೇಡವಾದಾಗ ಹೊಸದು ಪೂರ್ತಿ ಹೋಗಬೇಕು. ಇದಕ್ಕೆ ಡೆಬ್ ಪ್ಯಾಕೇಜೇ ಸರಿ.

‘ಮೇಕ್ ಇನ್‌ಸ್ಟಾಲ್’ನ ದೊಡ್ಡ ತಲೆನೋವು ಬೂಟ್ ಪಾರ್ಟಿಷನ್. ಉಬುಂಟುವಿನ ಕಾನ್ಫಿಗ್ (ಕರ್ನಲ್‌ನಲ್ಲಿ ಏನೇನು ಇರಬೇಕೆಂಬ ಪಟ್ಟಿ) ಹಾಗೇ ತಂದುಕೊಂಡರೆ ಡೀಬಗ್ ಮಾಹಿತಿಯೂ ಜೊತೆಗೇ ಬರುತ್ತದೆ. ಆಗ ‘ಮಾಡ್ಯೂಲ್ಸ್ ಇನ್‌ಸ್ಟಾಲ್’ ಹಾಕುವ ಮಾಡ್ಯೂಲ್‌ಗಳು (ಬೇಕಾದಾಗ ಕರ್ನಲ್‌ಗೆ ಸೇರುವ ಡ್ರೈವರ್‌ನಂಥ ತುಣುಕುಗಳು) ಹಲವು ಜಿಬಿ ಆಗುತ್ತವೆ, ಅವನ್ನು ತುಂಬಿಕೊಂಡ, ಬೂಟ್ ಆರಂಭಕ್ಕೆ ಬೇಕಾದ ಇನಿಟ್‌ಆರ್‌ಡಿ ಕಡತ ನೂರಾರು ಎಂಬಿ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ ಬೂಟ್ ಬೇರೆ ಚಿಕ್ಕ ಪಾರ್ಟಿಷನ್ ಆಗಿರುವುದರಿಂದ ಇನ್‌ಸ್ಟಾಲ್ ಅರ್ಧಕ್ಕೇ ‘ಜಾಗ ಇಲ್ಲ’ ಎಂದು ನಿಲ್ಲುವುದುಂಟು. ಮುಂದೆ ಬರುವ ಭದ್ರತಾ ಅಪ್‌ಡೇಟ್ ಕೂಡ ಅಲ್ಲೇ ಸಿಕ್ಕಿಬೀಳುತ್ತದೆ.

ಈ ಕಡತಗಳು ಡಿಪಿಕೆಜಿ (ಪ್ಯಾಕೇಜ್ ನಿರ್ವಾಹಕ) ಲೆಕ್ಕದಲ್ಲಿ ಇಲ್ಲದ್ದರಿಂದ ‘ಆಟೋರಿಮೂವ್’ ಮುಟ್ಟುವುದೇ ಇಲ್ಲ. ವಿಎಂಲಿನಜ್, ಇನಿಟ್‌ಆರ್‌ಡಿ, ಸಿಸ್ಟಮ್ ಮ್ಯಾಪ್, ಕಾನ್ಫಿಗ್, ಮಾಡ್ಯೂಲ್ ಡೈರೆಕ್ಟರಿ ಎಲ್ಲವನ್ನೂ ಕೈಯಾರೆ ಅಳಿಸಿ, ಬೂಟ್ ಮೆನು ಹೊಸದಾಗಿಸುವ ‘ಅಪ್‌ಡೇಟ್-ಗ್ರಬ್’ ಓಡಿಸಬೇಕು. ಈ ದಾರಿಯನ್ನೇ ಹಿಡಿಯುವವರು ಮಾಡ್ಯೂಲ್‌ಗಳಿಂದ ಡೀಬಗ್ ಮಾಹಿತಿ ಕಿತ್ತುಹಾಕುವ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಮರೆಯಬೇಡಿ.

ಡೆಬ್ ದಾರಿಯಲ್ಲಿ ಕಾನ್ಫಿಗ್ ತಿದ್ದುವ ಮೆನುಕಾನ್ಫಿಗ್‌ಗೆ ಹೋಗಿ ಡೀಬಗ್ ಮಾಹಿತಿ ಮೊದಲೇ ಆಫ್ ಮಾಡಿ. ಕಟ್ಟುವಾಗ ತಿನ್ನುವ ಡಿಸ್ಕೂ ಬಹಳ ಇಳಿಯುತ್ತದೆ. ಸಿಸ್ಟಮ್ ಟ್ರಸ್ಟೆಡ್ ಕೀಸ್, ರಿವೊಕೇಶನ್ ಕೀಸ್ ಖಾಲಿ ಬಿಡಿ, ಇಲ್ಲವಾದರೆ ಉಬುಂಟು ಹೊರತರುವ ಕೆನಾನಿಕಲ್‌ನ ಪೆಮ್ (ಪ್ರಮಾಣಪತ್ರ) ಕಡತ ಸಿಗದೆ ಬಿಲ್ಡ್ ನಿಲ್ಲುತ್ತದೆ. ‘ಲೋಕಲ್‌ವರ್ಷನ್=-ಟೆಸ್ಟ್’ ಕೊಟ್ಟರೆ ಮಾಡ್ಯೂಲ್ ಡೈರೆಕ್ಟರಿ ಬೇರೆಯಾಗುತ್ತದೆ. ಸೋರ್ಸ್ ಡೈರೆಕ್ಟರಿಗಿಂತ ಒಂದು ಹಂತ ಮೇಲಿನ ಡೈರೆಕ್ಟರಿಯಲ್ಲಿ ಸಿಗುವ ಇಮೇಜ್ ಪ್ಯಾಕೇಜನ್ನು ‘ಡಿಪಿಕೆಜಿ -ಐ’ಯಿಂದ ಹಾಕಿ. ತೆಗೆಯಲು ಒಂದೇ ‘ಆಪ್ಟ್ ಪರ್ಜ್’.

ಸಮಯ ಉಳಿಸುವ ‘ಲೋಕಲ್‌ಮಾಡ್‌ಕಾನ್ಫಿಗ್’ ಆ ಗಳಿಗೆಯಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಮೊಬೈಲ್ ಟೆದರಿಂಗ್, ಪೆನ್‌ಡ್ರೈವ್ ಚುಚ್ಚಿಟ್ಟುಕೊಂಡೇ ಅದನ್ನು ಓಡಿಸಿ.

ಬೂಟ್ ವಿಷಯ ‘ಮೇಕ್ ಇನ್‌ಸ್ಟಾಲ್’, ಡೆಬ್ ಎರಡಕ್ಕೂ ಒಂದೇ. ಬೂಟ್ ಮೆನು ತೋರಿಸುವ ಗ್ರಬ್ ಹೆಚ್ಚಿನ ಆವೃತ್ತಿಯನ್ನೇ ಮೊದಲಿಗೆ ಇಡುವುದರಿಂದ ಪರೀಕ್ಷಾ ಕರ್ನಲ್ ತಾನಾಗಿಯೇ ಡೀಫಾಲ್ಟ್ ಆಗಿಬಿಡಬಹುದು. ಗ್ರಬ್‌ನ ಕಾನ್ಫಿಗ್ ಕಡತದಲ್ಲಿ ‘ಗ್ರಬ್_ಡೀಫಾಲ್ಟ್=ಸೇವ್ಡ್’ ಎಂದು ಬರೆದು ‘ಅಪ್‌ಡೇಟ್-ಗ್ರಬ್’ ಓಡಿಸಿ, ‘ಗ್ರಬ್-ಸೆಟ್-ಡೀಫಾಲ್ಟ್’ನಿಂದ ಹಳೆಯದನ್ನು ಕಟ್ಟಿಹಾಕಿ, ಹೊಸದಕ್ಕೆ ‘ಗ್ರಬ್-ರೀಬೂಟ್’ ಬಳಸಿ; ಅದು ಒಂದು ಸಲಕ್ಕೆ ಮಾತ್ರ. ಕರ್ನಲ್ ಸಾಲಿಗೆ ‘ಪ್ಯಾನಿಕ್=10’ ಸೇರಿಸಿದರೆ ಪ್ಯಾನಿಕ್ (ಕರ್ನಲ್ ಕುಸಿತ) ಆದ 10 ಸೆಕೆಂಡಿಗೆ ಯಂತ್ರ ಹಳೇ ಕರ್ನಲ್‌ಗೆ ಮರಳುತ್ತದೆ. ಬೂಟ್ ಡೈರೆಕ್ಟರಿ ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ಮೇಲಿದ್ದರೆ ಮಾತ್ರ ಇದನ್ನು ನಂಬಬೇಡಿ: ಗ್ರಬ್‌ಗೆ ಅಲ್ಲಿ ಬರೆಯಲು ಆಗದು, ಹೊಸದೇ ಮತ್ತೆ ಮತ್ತೆ ಏಳುತ್ತದೆ. ಸಹಿ ಇಲ್ಲದ ಕರ್ನಲ್ ತಡೆಯುವ ಸೆಕ್ಯೂರ್ ಬೂಟ್ ಆಫ್ ಇರಲಿ, ಇಲ್ಲವೇ ಕರ್ನಲ್‌ಗೆ ಸಹಿ ಹಾಕಿ.

ಕ್ಯೂಎಮುಗೆ ಇದ್ಯಾವುದೂ ಬೇಡ. ಕಟ್ಟಿದ ಕರ್ನಲ್ ಕಡತ ಬಿಜ಼ೆಡ್‌ಇಮೇಜನ್ನು ‘-ಕರ್ನಲ್’ಗೆ ಕೊಟ್ಟರೆ ಸೆಕೆಂಡುಗಳಲ್ಲಿ ಏಳುತ್ತದೆ. ಶೆಡ್ಯೂಲರ್, ಫೈಲ್‌ಸಿಸ್ಟಮ್ ತಿದ್ದುವವರಿಗೆ ಅದೇ ಉತ್ತಮ. ವೈಫೈ, ಗ್ರಾಫಿಕ್ಸ್, ಸಸ್ಪೆಂಡ್ ನೋಡಲು ಅಲ್ಲಿ ನಿಜವಾದ ಹಾರ್ಡ್‌ವೇರೇ ಇಲ್ಲ.

ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಎಲ್ಲ ಕೋರ್ ಓಡಿಸಿದರೆ ಲ್ಯಾಪ್‌ಟಾಪ್ ಕಾದು ವೇಗ ಇಳಿಸುತ್ತದೆ, ಒಟ್ಟಿಗೆ ಎಷ್ಟು ಕೆಲಸ ಓಡಬೇಕೆಂಬ ‘-ಜೆ’ ಅಂಕಿ ಕೋರ್‌ಗಳಿಗಿಂತ ಎರಡು ಕಡಿಮೆ ಇಡಿ. ನಡುವೆ ಕರೆಂಟು ಹೋದರೂ ‘ಮೇಕ್’ ಉಳಿದದ್ದರಿಂದಲೇ ಮುಂದುವರಿಯುತ್ತದೆ. ನಾನು ಮೊದಲು ಕ್ಯೂಎಮುನಲ್ಲಿ ಏಳಿಸಿ ನೋಡುತ್ತೇನೆ, ಎದ್ದರಷ್ಟೇ ಡೆಬ್ ಕಟ್ಟುತ್ತೇನೆ.